ಎಂಬತ್ತು ನಿಮಿಷಗಳ ಅವಧಾನ

ತಿಳಿಯದೆ ಪರೀಕ್ಷೆಯಲ್ಲಿ ಸೋತವನ ದುಃಖವು ಒಂದು ಬಗೆಯದು. ತಿಳಿದುದನ್ನೇ ತಪ್ಪಾಗಿ ಗುರುತಿಸಿ ಸೋತವನ ದುಃಖವು ಮತ್ತೊಂದು ಬಗೆಯದು. ಮೊದಲನೆಯವನು ಮರಳಿ ಓದಿ ಸಮಾಧಾನ ಹೊಂದಬಹುದು. ಎರಡನೆಯವನು ಏನನ್ನು ಓದಬೇಕು? ಅವನ ಪುಸ್ತಕದಲ್ಲಿ ಕೊರತೆಯಿಲ್ಲ, ಬುದ್ಧಿಯಲ್ಲಿಯೂ ಇಲ್ಲ, ಕೊರತೆಯಿದ್ದುದು ಅವಧಾನದಲ್ಲಿ. ಫಲಿತಾಂಶದ ದಿನ ತಂದೆಯು “ಗಡಿಬಿಡಿ ಮಾಡಿಕೊಂಡೆ” ಎಂದು ಗದರಿಸುವನು. ಅಜ್ಜಿಯು “ಹಣೆಬರಹ” ಎಂದು ನಿಟ್ಟುಸಿರಿಡುವಳು. ಈ ಎರಡು ಮಾತುಗಳಿಂದಲೂ ಮಗುವಿಗೆ ದಾರಿ ತೋರದು. ಗಡಿಬಿಡಿಗೂ ಕಾರಣವುಂಟು, ಕಾರಣವಿರುವಲ್ಲಿ ಪರಿಹಾರವೂ ಇರಲೇಬೇಕಷ್ಟೆ.

ಬೀದರ ಜಿಲ್ಲೆಯಲ್ಲಿ ಈ ವಿಷಯವು ಮನೆಮನೆಯ ವಿಷಯವಾಗಿದೆ. ವೃತ್ತಿಶಿಕ್ಷಣದ ಪ್ರವೇಶಕ್ಕಾಗಿ ೧೯೯೪ರಲ್ಲಿ ಸರಕಾರವು ಪ್ರತ್ಯೇಕ ಘಟಕವೊಂದನ್ನು ಸ್ಥಾಪಿಸಿತು. ಇಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ ೬೦ ಪ್ರಶ್ನೆ, ೬೦ ಅಂಕ, ೮೦ ನಿಮಿಷ. ಸಂವಿಧಾನದ ೩೭೧(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡಾ ೭೦ರಷ್ಟೂ ರಾಜ್ಯದ ಉಳಿದೆಡೆಗಳಲ್ಲಿ ಶೇಕಡಾ ೮ರಷ್ಟೂ ಸ್ಥಾನಗಳು ಈ ಭಾಗದವರಿಗೆ ಮೀಸಲಾಗಿರುವವು. ಆದರೆ ಮೀಸಲು ಬಾಗಿಲನ್ನು ತೆರೆಯುವದೇ ಹೊರತು ಒಳಗಿನ ಸಾಲನ್ನು ಅಳಿಸುವದಿಲ್ಲ. ಸಾಲಿನಲ್ಲಿ ಒಂದೆರಡು ಅಂಕಗಳ ಅಂತರದಲ್ಲಿ ಅನೇಕರು ನಿಂತಿರುವರು. ಸರಕಾರಿ ಕಾಲೇಜಿನ ಸ್ಥಾನವು ದೊರೆಯುವದೋ, ತಂದೆಯು ಸಾಲ ಮಾಡಿ ಶುಲ್ಕ ಕಟ್ಟಬೇಕಾಗುವದೋ ಎಂಬುದು ಕೆಲವೊಮ್ಮೆ ಆ ಒಂದೆರಡು ಅಂಕಗಳಿಂದಲೇ ನಿಶ್ಚಯವಾಗುವದು.

ಔರಾದ ತಾಲೂಕಿನ ಒಂದು ಹಳ್ಳಿಯ ಹುಡುಗಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಮನೆಯಲ್ಲಿ ಅವಳು ಆಡುವದು ಮರಾಠಿ. ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡದಲ್ಲಿ. ಪಿಯುಸಿಯ ವಿಜ್ಞಾನ ಇಂಗ್ಲಿಷಿನಲ್ಲಿ. ಅವಳು ಪ್ರಶ್ನೆಯನ್ನು ಓದುವಾಗ ಮನಸ್ಸು ಒಂದು ಭಾಷೆಯಿಂದ ಮತ್ತೊಂದಕ್ಕೆ ಹೊಳೆ ದಾಟುತ್ತಿರುವದು. ದಾಟುವದಕ್ಕೆ ವೇಳೆ ಬೇಕು. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ನಾಡು ಮರೆಯದ ಸಂಗತಿ. ಭಾಷೆಯ ಹೊರೆಯೆಂಬುದು ಇಲ್ಲಿಯ ವಿದ್ಯಾರ್ಥಿಗೆ ಹೊಸದಲ್ಲ. ಆದುದರಿಂದ ಬೇರೆಡೆಯ ಮಕ್ಕಳಿಗಿಂತ ಇವಳಿಗೆ ಕಾಲದ ಲೆಕ್ಕವು ಹೆಚ್ಚು ಬೇಕಾಗಿದೆ. ಅದನ್ನು ಹೇಳಿಕೊಡುವವರು ಮಾತ್ರ ವಿರಳ.

ಮೊದಲು ಲೆಕ್ಕವನ್ನೇ ನೋಡೋಣ. ಹಿಂದಿನವರು ಹಗಲುರಾತ್ರಿಗಳನ್ನು ೬೦ ಘಳಿಗೆಗಳಾಗಿಯೂ ಒಂದು ಘಳಿಗೆಯನ್ನು ೬೦ ವಿಘಳಿಗೆಗಳಾಗಿಯೂ ಭಾಗಿಸಿದ್ದರು. ಘಳಿಗೆಯೆಂದರೆ ೨೪ ನಿಮಿಷ. ವಿಘಳಿಗೆಯೆಂದರೆ ೨೪ ಸೆಕೆಂಡು. ಆ ಅಳತೆಯಲ್ಲಿ ಸಿಇಟಿಯ ಒಂದು ವಿಷಯಕ್ಕೆ ದೊರೆಯುವದು ಮೂರು ಘಳಿಗೆ ಇಪ್ಪತ್ತು ವಿಘಳಿಗೆ. ಒಂದು ಪ್ರಶ್ನೆಗೆ ಮೂರೂ ಕಾಲು ವಿಘಳಿಗೆಗಿಂತ ತುಸು ಹೆಚ್ಚು, ಅಂದರೆ ೮೦ ಸೆಕೆಂಡು. ಆದರೆ ಎಲ್ಲ ಪ್ರಶ್ನೆಗಳೂ ಸಮನಾದ ಕಾಲವನ್ನು ಬೇಡುವದಿಲ್ಲ. ಕೆಲವು ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿಯುವವು. ಕೆಲವು ನಾಲ್ಕು ನಿಮಿಷ ನುಂಗಿಯೂ ತೃಪ್ತವಾಗವು. ಕಷ್ಟದ ಒಂದು ಪ್ರಶ್ನೆಗೂ ಸುಲಭದ ಒಂದು ಪ್ರಶ್ನೆಗೂ ಒಂದೇ ಅಂಕವೆಂಬುದನ್ನು ವಿದ್ಯಾರ್ಥಿಯು ಬಲ್ಲನು. ಬಲ್ಲವನಾದರೂ ಕಷ್ಟದ ಪ್ರಶ್ನೆಯನ್ನು ಬಿಡಲಾರನು. ಬಿಟ್ಟರೆ ಸೋತಂತೆ ಎಂಬ ಅಭಿಮಾನವು ಅವನನ್ನು ಅಲ್ಲಿಯೇ ಕಟ್ಟಿಹಾಕುವದು. ಸಮಯವನ್ನು ಹೆಚ್ಚಾಗಿ ಕಳೆಯುವದು ಅಜ್ಞಾನವಲ್ಲ, ಈ ಅಭಿಮಾನವೇ.

ಇದಕ್ಕೆ ಪರಿಹಾರವು ಅಷ್ಟಾವಧಾನದ ಕಲೆಯಲ್ಲಿ ಅಡಗಿದೆ. ಎಂಟು ಮಂದಿ ಪೃಚ್ಛಕರು ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಕಟ್ಟಳೆಯನ್ನು ಒಡ್ಡುವರು. ನಡುವೆ ಒಬ್ಬನು ಅಪ್ರಸ್ತುತವಾದ ಮಾತನ್ನಾಡಿ ಕೆಣಕುವನು; ಇನ್ನೊಬ್ಬನು ಗಂಟೆ ಬಾರಿಸುತ್ತಿರುವನು, ಅದರ ಎಣಿಕೆಯನ್ನೂ ಅವಧಾನಿಯು ಮನಸ್ಸಿನಲ್ಲಿಡಬೇಕು. ಅವನು ಒಂದು ಪದ್ಯವನ್ನು ಪೂರ್ತಿ ಮುಗಿಸಿ ಮತ್ತೊಂದಕ್ಕೆ ಹೋಗುವದಿಲ್ಲ. ಒಂದು ಪಾದವನ್ನು ಹೇಳಿ ಮುಂದೆ ಸಾಗುವನು. ಸುತ್ತು ಮುಗಿದ ಮೇಲೆ ಮರಳಿ ಬಂದು ಎರಡನೆಯ ಪಾದವನ್ನು ಹೇಳುವನು. ಬಿಡುವದು ಅಲ್ಲಿ ಸೋಲಲ್ಲ, ಕ್ರಮ. ಮರಳಿ ಬರುವೆನೆಂಬ ನಂಬಿಕೆಯಿರುವದರಿಂದಲೇ ಅವನು ನಿಶ್ಚಿಂತನಾಗಿ ಮುಂದೆ ನಡೆಯಬಲ್ಲನು.

ಪರೀಕ್ಷಾರ್ಥಿಯೂ ಹೀಗೆಯೇ ಸುತ್ತುಗಳನ್ನು ಗೊತ್ತುಮಾಡಿಕೊಳ್ಳಬೇಕು. ಮೊದಲ ೪೫ ನಿಮಿಷಗಳಲ್ಲಿ ಅರವತ್ತೂ ಪ್ರಶ್ನೆಗಳನ್ನು ಒಮ್ಮೆ ನೋಡಿ, ನೇರವಾಗಿ ಹೊಳೆದವನ್ನು ಉತ್ತರಿಸುವದು. ಹೊಳೆಯದವುಗಳ ಪಕ್ಕದಲ್ಲಿ ಒಂದು ಗುರುತಿಟ್ಟು ಮುಂದೆ ಸಾಗುವದು. ಮುಂದಿನ ೨೦ ನಿಮಿಷಗಳಲ್ಲಿ ಗುರುತಿಟ್ಟವುಗಳಿಗೆ ಮರಳುವದು. ಬಳಿಕ ೧೦ ನಿಮಿಷ ತೀರ ಕಠಿಣವಾದವುಗಳಿಗೆ. ಕೊನೆಯ ೫ ನಿಮಿಷ ಹೊಸ ಪ್ರಶ್ನೆಗಲ್ಲ, ತಪಾಸಣೆಗೆ ಮಾತ್ರ. ಈ ಹಂಚಿಕೆಯನ್ನು ತನ್ನ ಶಕ್ತಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಆದರೆ ಅದು ಪರೀಕ್ಷೆಯ ಕೋಣೆಯಲ್ಲಿ ಆಗತಕ್ಕ ಕೆಲಸವಲ್ಲ, ಮನೆಯಲ್ಲಿಯೇ ಆಗಿರತಕ್ಕದ್ದು.

ಹಾಗೆಂದು ಕ್ಷಣಕ್ಷಣಕ್ಕೂ ಗಡಿಯಾರವನ್ನು ನೋಡುವದೂ ಹಿತವಲ್ಲ. ಭಾಸ್ಕರಾಚಾರ್ಯರ ಲೀಲಾವತಿಯನ್ನು ಅಕಬರನ ಆಸ್ಥಾನದ ಫೈಜಿಯು ೧೫೮೭ರಲ್ಲಿ ಪಾರಸಿಗೆ ಅನುವಾದಿಸಿದಾಗ ಅದರೊಡನೆ ಒಂದು ಕತೆಯನ್ನು ಹೇಳಿರುವನು. ಮಗಳ ವಿವಾಹದ ಮುಹೂರ್ತವನ್ನು ಅರಿಯಲು ತಂದೆಯು ನೀರಿನಲ್ಲಿ ತೂತಿನ ಬಟ್ಟಲನ್ನು ತೇಲಿಬಿಟ್ಟನಂತೆ. ಕುತೂಹಲದಿಂದ ಮಗಳು ಬಗ್ಗಿ ನೋಡಿದಾಗ ಒಡವೆಯ ಮುತ್ತೊಂದು ಬಿದ್ದು ತೂತನ್ನು ಮುಚ್ಚಿತಂತೆ. ಬಟ್ಟಲು ಮುಳುಗಲಿಲ್ಲ, ಮುಹೂರ್ತವು ಮೀರಿಹೋಯಿತಂತೆ. ಕತೆಯು ನಿಜವೋ ಅಲ್ಲವೋ, ಅದರ ತಾತ್ಪರ್ಯವು ಗ್ರಾಹ್ಯವಾಗಿದೆ: ಕಾಲವನ್ನು ಬಗ್ಗಿ ಬಗ್ಗಿ ನೋಡುವ ಆತುರವೇ ಕಾಲವನ್ನು ಕೆಡಿಸೀತು. ಸುತ್ತು ಮುಗಿದಾಗ ಒಮ್ಮೆ ನೋಡಿದರೆ ಸಾಕು. ಬೀದರ ಪಟ್ಟಣದ ನಡುವೆ ಚೌಬಾರದ ಮೇಲೆ ಗಡಿಯಾರವಿದೆ. ಆದರೆ ಪರೀಕ್ಷೆಯ ಕೋಣೆಯೊಳಗೆ ಸ್ವಂತ ಕೈಗಡಿಯಾರವನ್ನು ಒಯ್ಯಗೊಡುವದಿಲ್ಲ. ಆದುದರಿಂದ ಅಭ್ಯಾಸದ ದಿನಗಳಲ್ಲಿಯೂ ಕೈಗಡಿಯಾರವನ್ನು ಬಿಚ್ಚಿಟ್ಟು, ಇಷ್ಟು ಪ್ರಶ್ನೆಗೆ ಇಷ್ಟು ಹೊತ್ತಾಯಿತೆಂದು ಮನಸ್ಸೇ ಹೇಳುವಂತೆ ರೂಢಿಸಿಕೊಳ್ಳುವದು ಲೇಸು.

ಇನ್ನು ಕೈತಪ್ಪಿನ ಮಾತು. ಉತ್ತರದ ಓಎಂಆರ್ ಹಾಳೆಯಲ್ಲಿ ಶಾಯಿಯಿಂದ ತುಂಬಿದ ವೃತ್ತವನ್ನು ಅಳಿಸಲು ಬಾರದು. ಬೀದರದ ಬಿದರಿ ಕುಶಲಿಗರಿಗೆ ಈ ಸಂಗತಿಯ ಅರ್ಥವು ಚೆನ್ನಾಗಿ ತಿಳಿದಿದೆ. ಸತು ಮತ್ತು ತಾಮ್ರಗಳ ಎರಕದ ಪಾತ್ರೆಗೆ ಅವರು ಮೊದಲು ಮೈಲುತುತ್ತದಿಂದ ತಾತ್ಕಾಲಿಕವಾದ ಕಪ್ಪನ್ನು ಕೊಟ್ಟು, ಮೊನೆಯಿಂದ ತೆಳುವಾಗಿ ಚಿತ್ರವನ್ನು ಗೀರಿಕೊಳ್ಳುವರು. ಆ ಬಳಿಕವೇ ಉಳಿ ಹಿಡಿದು ಕೊರೆದು ಬೆಳ್ಳಿಯ ತಂತಿಯನ್ನು ಕೂರಿಸುವರು. ಗೀರು ತಪ್ಪಿದರೆ ತಿದ್ದಬಹುದು, ಉಳಿ ತಪ್ಪಿದರೆ ಪಾತ್ರೆಯೇ ಹೋಯಿತು. ಪ್ರಶ್ನಪತ್ರಿಕೆಯು ಗೀರುವ ಸ್ಥಳ, ಓಎಂಆರ್ ಹಾಳೆಯು ಕೊರೆಯುವ ಸ್ಥಳ. ಒಂದು ಪುಟದ ಪ್ರಶ್ನೆಗಳಿಗೆ ಉತ್ತರವನ್ನು ನಿಶ್ಚಯಿಸಿ, ಆ ಪುಟದ ಉತ್ತರಗಳನ್ನು ಒಮ್ಮೆಗೆ ಹಾಳೆಗೆ ಏರಿಸಬೇಕು. ಎಲ್ಲವನ್ನೂ ಕೊನೆಗೆ ಏರಿಸುವೆನೆಂದು ಉಳಿಸಿಕೊಂಡವನಿಗೆ ಗಂಟೆಯು ಕಾಯುವದಿಲ್ಲ.

ಇಲ್ಲಿ ಎಲ್ಲಕ್ಕಿಂತ ಕ್ರೂರವಾದ ತಪ್ಪು ಸಾಲು ತಪ್ಪುವದು. ಹದಿನೇಳನೆಯ ಪ್ರಶ್ನೆಯನ್ನು ಬಿಟ್ಟವನು ಹದಿನೆಂಟರ ಉತ್ತರವನ್ನು ಹದಿನೇಳರ ಸಾಲಿನಲ್ಲಿ ತುಂಬಿದರೆ, ಅಲ್ಲಿಂದ ಮುಂದೆ ಸರಿಯಾದುದೆಲ್ಲವೂ ತಪ್ಪಾಗುವದು. ವೇದಾಧ್ಯಾಯಿಗಳು ಕ್ರಮಪಾಠದಲ್ಲಿ ಒಂದು ಪದವನ್ನು ಮುಂದಿನ ಪದದೊಡನೆ ಕೂಡಿಸಿ ಹೇಳುವರು; ಆ ಹೆಣಿಗೆಯಿಂದಾಗಿ ನಡುವಿನದೊಂದು ಬಿಟ್ಟುಹೋದರೆ ಒಡನೆ ತಿಳಿಯುವದು. ಹಾಗೆಯೇ ಪರೀಕ್ಷಾರ್ಥಿಯು ಪ್ರಶ್ನೆಯ ಸಂಖ್ಯೆಯನ್ನೂ ಉತ್ತರದ ಸಂಖ್ಯೆಯನ್ನೂ ಜೊತೆಗೂಡಿಸಿ ಮನಸ್ಸಿನಲ್ಲಿಯೇ ನುಡಿಯಲಿ: “ಹದಿನೆಂಟು, ಮೂರು”. ಹತ್ತಕ್ಕೊಮ್ಮೆ ಸಾಲನ್ನು ತಾಳೆನೋಡಲಿ. ಪ್ರಶ್ನಪತ್ರಿಕೆಯ ಆವೃತ್ತಿಯ ಸಂಕೇತವನ್ನು ಎಲ್ಲಕ್ಕಿಂತ ಮೊದಲು ಸರಿಯಾಗಿ ತುಂಬಲಿ. ಏಕೆಂದರೆ ಆವೃತ್ತಿ ಬೇರೆಯಾದರೆ ಪ್ರಶ್ನೆಗಳ ಕ್ರಮವೂ ಬೇರೆ.

ಓದುವಲ್ಲಿ ಆಗುವ ತಪ್ಪೂ ಉಂಟು. “ಯಾವುದು ಸರಿಯಲ್ಲ” ಎಂದು ಕೇಳಿದ್ದನ್ನು “ಯಾವುದು ಸರಿ” ಎಂದು ಓದಿ, ಮೊದಲು ಕಂಡ ನಿಜವಾದ ಹೇಳಿಕೆಗೆ ಗುರುತಿಡುವವರು ಬಹಳ. ಸೆಂಟಿಮೀಟರಿನಲ್ಲಿ ಕೊಟ್ಟುದನ್ನು ಮೀಟರಿಗೆ ತಿರುಗಿಸದಿರುವದು, ಋಣಚಿಹ್ನೆಯನ್ನು ಬಿಡುವದು, ತ್ರಿಜ್ಯವನ್ನು ಕೇಳಿದಲ್ಲಿ ವ್ಯಾಸವನ್ನು ಕೊಡುವದು, ಇವು ಅದೇ ಕುಲದವು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಎಣಿಸುವಲ್ಲಿ ಅವಸರದಿಂದ ಓದುವವನನ್ನೂ ಸೇರಿಸಿದೆ. ಪ್ರಶ್ನೆಯ ಕೊನೆಯ ವಾಕ್ಯವನ್ನು ಎರಡು ಸಲ ಓದಿ, “ಅಲ್ಲ” “ಹೊರತು” ಮೊದಲಾದ ಪದಗಳ ಕೆಳಗೆ ಗೆರೆ ಎಳೆಯಲು ಐದು ಸೆಕೆಂಡು ಸಾಕು.

ಪರೀಕ್ಷೆ ಬೇರೆಯಾದರೆ ನೀತಿಯೂ ಬೇರೆಯಾಗುವದೆಂಬುದನ್ನು ಮರೆಯಲಾಗದು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವದಿಲ್ಲ. ಆದುದರಿಂದ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ೨೦೨೫ರಲ್ಲಿ ೧೮೦ ನಿಮಿಷಗಳಿಗೆ ೧೮೦ ಪ್ರಶ್ನೆಗಳಿದ್ದವು. ಸರಿಯಾದುದಕ್ಕೆ ೪ ಅಂಕ, ತಪ್ಪಿದುದಕ್ಕೆ ೧ ಅಂಕದ ಕಡಿತ. ಅಲ್ಲಿ ಕಣ್ಣುಮುಚ್ಚಿ ಊಹಿಸಿದರೆ ಸರಾಸರಿಯಲ್ಲಿ ದೊರೆಯುವದು ಕಾಲು ಅಂಕ ಮಾತ್ರ. ನಾಲ್ಕರಲ್ಲಿ ಎರಡನ್ನು ಖಂಡಿತವಾಗಿ ತಳ್ಳಿಹಾಕಿದ ಮೇಲೆ ಊಹಿಸಿದರೆ ಒಂದೂವರೆ ಅಂಕ. ಈ ಲೆಕ್ಕವನ್ನು ಬಲ್ಲವನ ಧೈರ್ಯವೇ ಬೇರೆ, ಬಲ್ಲದವನ ಸಾಹಸವೇ ಬೇರೆ.

ಇಷ್ಟನ್ನೂ ಕೇಳಿ ಮಗುವು ಒಂದೇ ದಿನದಲ್ಲಿ ಅವಧಾನಿಯಾಗದು. ಔರಾದಿನಲ್ಲಾಗಲಿ ಭಾಲ್ಕಿಯಲ್ಲಾಗಲಿ ತಂದೆತಾಯಿಗಳು ಮಾಡಬಹುದಾದ ಕೆಲಸವೊಂದುಂಟು. ವಾರಕ್ಕೊಮ್ಮೆ ಎಂಬತ್ತು ನಿಮಿಷ ಮನೆಯ ಟಿವಿಯನ್ನೂ ಮೊಬೈಲನ್ನೂ ನಿಲ್ಲಿಸಿ, ಹಳೆಯ ಪ್ರಶ್ನಪತ್ರಿಕೆಯೊಂದನ್ನು ಮುಂದಿಟ್ಟು, ಮಗಳನ್ನು ನೀರು ತರಲು ಕರೆಯದೆ, ಮಗನನ್ನು ಅಂಗಡಿಗೆ ಕಳುಹದೆ ಇರುವದು. ಮುಗಿದ ಮೇಲೆ ಎಷ್ಟು ಅಂಕ ಬಂತೆಂದು ಕೇಳುವದಕ್ಕಿಂತ, ತಿಳಿದೂ ತಪ್ಪಿದವು ಎಷ್ಟು, ಅವು ಓದುವಲ್ಲಿ ತಪ್ಪಿದವೋ, ಲೆಕ್ಕದಲ್ಲಿಯೋ, ಸಾಲಿನಲ್ಲಿಯೋ ಎಂದು ಕೇಳಿ, ಅದನ್ನು ಒಂದು ವಹಿಯಲ್ಲಿ ಬರೆಯಿಸುವದು. ನಾಲ್ಕು ವಾರಗಳಲ್ಲಿ ಆ ವಹಿಯೇ ಮಗುವಿಗೆ ತನ್ನ ದೋಷದ ಹೆಸರನ್ನು ಹೇಳುವದು. ಹೆಸರು ತಿಳಿದ ದೋಷವನ್ನು ಹಣೆಬರಹವೆಂದು ಯಾರೂ ಕರೆಯಲಾರರು.