ತಡೀರಿ ಸರ

ತತ್ತ್ವದ ಪುಸ್ತಕವನ್ನು ಒಬ್ಬರೇ ಕೂತು ಓದುವುದು ಸಲೀಸು. ತಿಳಿಯದ ಸಾಲಿಗೂ ತಲೆಯಾಡಿಸಿ ಮುಂದೆ ಹೋಗಬಹುದು, ಕೇಳುವವರಿಲ್ಲ. ಇಂಡಿಯ ನಮ್ಮ ರವಿವಾರದ ಬಳಗದಲ್ಲಿ ಆ ಸೌಕರ್ಯವಿಲ್ಲ. ಗೊಬ್ಬರದಂಗಡಿಯ ಹಿಂದಿನ ಕೋಣೆ. ಯೂರಿಯಾ ಚೀಲಗಳಿಗೆ ಬೆನ್ನು ಕೊಟ್ಟು ಕೂತರೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಎರಡು ಸಾಲು ದಾಟುವುದರೊಳಗೆ ಲಿಂಬೆ ತೋಟದ ಕಾಕಾ ಕೈ ಎತ್ತುತ್ತಾರೆ: "ತಡೀರಿ ಸರ, ಹಂಗಂದ್ರ ಏನ್ರಿ?"

ನಾನು ಹೋಗುವುದು ಆ 'ತಡೀರಿ'ಗಾಗಿಯೇ.

ಈ ಸೀಮೆಗೆ ತತ್ತ್ವದ ಚಟ ಹೊಸದೇನಲ್ಲ. ಉಪನಿಷತ್ತಿನ ಜೊತೆ ಗ್ರೀಕ್ ದಾರ್ಶನಿಕರನ್ನೂ ಅರೆದು ಕುಡಿದ, ಅಲಾಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದ ಗುರುದೇವ ರಾನಡೆ ಆಶ್ರಮ ಕಟ್ಟಿಕೊಂಡದ್ದು ನಮ್ಮ ತಾಲೂಕಿನ ನಿಂಬಾಳದಲ್ಲಿ. 1957ರಲ್ಲಿ ದೇಹವಿಟ್ಟದ್ದೂ ಅಲ್ಲೇ. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ತಾಳೆಗರಿಗಾಗಿ ಮನೆಮನೆ ಅಲೆದು 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸದಿದ್ದರೆ, ಬಸವನ ಬಾಗೇವಾಡಿಯ ಪಕ್ಕದಲ್ಲೇ ಇದ್ದೂ ನಮ್ಮ ಕೈಗೆ ಎಷ್ಟು ವಚನ ಸಿಗುತ್ತಿದ್ದವೋ!

ಈಗ ಹಿಡಿದಿರುವುದು ಶೂನ್ಯಸಂಪಾದನೆ. ಬೇರೆಬೇರೆ ಶರಣರ ವಚನಗಳನ್ನು ಎದುರುಬದುರು ಕೂಡಿಸಿ ಸಂವಾದವಾಗಿಸಿದ ಗ್ರಂಥ. ಗೋಷ್ಠಿಯನ್ನೇ ಗೋಷ್ಠಿಯಲ್ಲಿ ಓದುವ ಮಜವೇ ಬೇರೆ. ಮುಕ್ತಾಯಕ್ಕನ ಭಾಗಕ್ಕೆ ಬಂದೆವು, ಅಲ್ಲೇ ಸಿಕ್ಕಿಕೊಂಡೆವು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಕುದಿಯುತ್ತಿರುವವಳ ಬಳಿಗೆ ಅಲ್ಲಮ ಬರುತ್ತಾನೆ. ಆಕೆ ತಲೆಬಾಗಿ ಕೇಳಿಸಿಕೊಳ್ಳುವವಳಲ್ಲ. ಇನ್ನೂ ಮಾತು ಬಿಡದವನು ಅರಿತವನು ಹೇಗಾದಾನು ಎಂದು ಅವನನ್ನೇ ತರುಬುತ್ತಾಳೆ.

ನಿವೃತ್ತ ಮಾಸ್ತರು ಅಲ್ಲಮನ ವಕಾಲತ್ತು ವಹಿಸಿದರು. ಮಾತಿಲ್ಲದೆ ಬೋಧೆ ಹ್ಯಾಂಗ? ಮೌನ, ಬಯಲು, ನಿಶ್ಶಬ್ದ ಎಂದು ಚರ್ಚೆ ಮೇಲಕ್ಕೇರಿತು. ಕಾಕಾ ಅದನ್ನು ನೆಲಕ್ಕಿಳಿಸಿದರು: "ಮಂದಿ ಸತ್ತ ಮನೀಗಿ ಬಂದವ್ರು ಭಾಳ ಮಾತಾಡ್ತಾರ್ರಿ. ಅಕ್ಕ ಅಂದಿದ್ದು ಖರೇನ ಐತಿ." ಕೋಣೆಯಲ್ಲಿ ಯಾರೂ ನಗಲಿಲ್ಲ. ಎಷ್ಟೋ ವ್ಯಾಖ್ಯಾನಗಳಲ್ಲಿ ಈ ಭೇಟಿ ಎರಡು ಸಿದ್ಧಾಂತಗಳ ಸೆಣಸು. ಅದು ಸೂತಕ ಮುಗಿಯದ ಮನೆ ಎಂಬುದನ್ನು ನೆನೆಯುವವರು ಕಡಿಮೆ. ಅಷ್ಟರಲ್ಲಿ ಸಿಂದಗಿಯಿಂದ ಬಸ್ಸಿಗೆ ಬರುವ ಬಿ.ಎಡ್. ಹುಡುಗಿ ಪಟ್ಟು ಹಾಕಿದಳು: "ಹಂಗಾದ್ರ ಅಲ್ಲಮ ಬರಬಾರದಿತ್ತೇನ್ರಿ ಕಾಕಾ?"

ಅದಿನ್ನೂ ಇತ್ಯರ್ಥವಾಗಿಲ್ಲ. ಮುಂದಿನದು ಸಿದ್ಧರಾಮನ ಸಂಪಾದನೆ. ಅಲ್ಲಮ ಸೊನ್ನಲಿಗೆಗೆ, ಅಂದರೆ ಇಲ್ಲಿಂದ ರೈಲು ಹತ್ತಿದರೆ ಸಿಗುವ ಸೊಲ್ಲಾಪುರಕ್ಕೆ, ಹೊರಡಬೇಕು. ಮಾಸ್ತರು ಪುಟ ತಿರುವಿಟ್ಟುಕೊಂಡು ಕಾಯುತ್ತಿದ್ದಾರೆ. ಕಾಕಾ ಬಿಡುತ್ತಿಲ್ಲ.