ಈಸ್ಟ್‌ಪೋರ್ಟಿನ ಹಳೆಯ ಹಾಯಿದೋಣಿ

ಅಮೆರಿಕಾ ಸಂಯುಕ್ತ ಸಂಸ್ಥಾನದ ಮೇರಿಲೆಂಡ್ ಪ್ರಾಂತಕ್ಕೆ ರಾಜಧಾನಿಯಾದ ಅನಾಪೊಲಿಸ್ ನಗರವು ಚೆಸಪೀಕ್ ಕೊಲ್ಲಿಯ ಪಶ್ಚಿಮ ತೀರದಲ್ಲಿರುವುದು. 1783ನೆಯ ಇಸವಿಯ ಡಿಸೆಂಬರಿನಲ್ಲಿ ಜಾರ್ಜ್ ವಾಷಿಂಗ್ಟನ್ನನು ತನ್ನ ಸೇನಾಧಿಪತ್ಯವನ್ನು ಒಪ್ಪಿಸಿಕೊಟ್ಟ ಸಭಾಮಂದಿರವು ಊರ ನಡುವಣ ದಿಬ್ಬದ ಮೇಲೆ ಇನ್ನೂ ನಿಂತಿದೆ. ಯಾತ್ರಿಕರೆಲ್ಲರೂ ನೋಡುವ ಅದನ್ನು ನಾವೂ ನೋಡಿದೆವು. ಆದರೆ ವಾಚಕರಿಗೆ ನಾವು ಹೇಳಹೊರಟಿರುವುದು ಸ್ಪಾ ಕ್ರೀಕ್ ಎಂಬ ಹಿನ್ನೀರಿನ ಸೇತುವೆಯನ್ನು ದಾಟಿದರೆ ಸಿಕ್ಕುವ ಈಸ್ಟ್‌ಪೋರ್ಟ್ ಕೇರಿಯಲ್ಲಿ, ಉಕ್ಕಿನ ಊರೆಗಳ ಮೇಲೆ ನಿಂತಿದ್ದ ಒಂದು ಹಳೆಯ ಹಾಯಿದೋಣಿಯ ಸಂಗತಿಯನ್ನು.

ದೋಣಿಯು ನಮ್ಮ ತಂಗಿಯ ಮಗನದು. ಇಪ್ಪತ್ತೇಳು ಅಡಿ ಉದ್ದ. 1970ರ ದಶಕದಲ್ಲಿ ಕಟ್ಟಿದ್ದು. ಬೆಲೆಯೇನೋ ಅಗ್ಗ. ಅಗ್ಗದ ಎತ್ತಿನ ಹಲ್ಲನ್ನು ಎರಡು ಸಲ ನೋಡಬೇಕೆಂಬ ಬುದ್ಧಿ ಹಳ್ಳಿಯಲ್ಲಿ ಬೆಳೆದವರಿಗೆ ಇರುತ್ತದೆ. ಹುಡುಗನು ಬೆಂಗಳೂರಿನಲ್ಲಿ ಬೆಳೆದವನು. ಐದು ವರ್ಷದ ಮಗಳನ್ನು ಜೂನ್ ತಿಂಗಳಲ್ಲಿ ಕೊಲ್ಲಿಯ ಮೇಲೆ ಕರೆದೊಯ್ಯಬೇಕೆಂದು ಅವನ ಆಸೆ. ಅವನ ಹೆಂಡತಿಯಾದರೋ, ದೋಣಿ ಗಟ್ಟಿಯಾಗಿದೆಯೆಂದು ತನಗೆ ನಂಬಿಕೆಯಾಗುವವರೆಗೆ ಮಗುವನ್ನು ಹತ್ತಿಸಕೂಡದೆಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದಳು. ನಾವು ದಂಪತಿಗಳು ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋದಾಗ ಮನೆಯಲ್ಲಿ ನಡೆಯುತ್ತಿದ್ದ ವ್ಯಾಜ್ಯವು ಇದೇ.

ಡೆಕ್ ಎಂದು ಕರೆಯುವ ದೋಣಿಯ ಮೇಲ್ಹಾಸು ನೋಟಕ್ಕೆ ಒಂದೇ ಹಲಗೆಯಂತೆ ತೋರುವುದಾದರೂ ಅದು ಮೂರು ಪದರದ್ದು. ಮೇಲೂ ಕೆಳಗೂ ಗಾಜಿನ ನಾರನ್ನು ರಾಳದಲ್ಲಿ ನೆನೆಸಿ ಮಾಡಿದ ತೆಳುವಾದ ತೊಗಲು; ನಡುವೆ ಬಾಲ್ಸಾ ಎಂಬ ಅತಿ ಹಗುರವಾದ ಮರವನ್ನು ಅಡ್ಡ ಕೊಯ್ದು ಜೋಡಿಸಿದ ಸಣ್ಣ ಸಣ್ಣ ಚೌಕಗಳು. ಮೂರೂ ಒಂದಾಗಿ ಅಂಟಿಕೊಂಡಿರುವವರೆಗೆ ಹಾಸು ಹಗುರ, ಬಿಗಿ. ಆದರೆ ಕಟಾಂಜನದ ಕಂಬಗಳಿಗೂ ಹಗ್ಗ ಕಟ್ಟುವ ಗೂಟಗಳಿಗೂ ಅದರಲ್ಲಿ ತೂತು ಕೊರೆದು ಬೋಲ್ಟು ಹಾಕಿರುತ್ತಾರೆ. ಬೋಲ್ಟಿನ ಸುತ್ತಣ ಮೆತ್ತು ವರ್ಷಗಳು ಕಳೆದಂತೆ ಒಣಗಿ ಬಿರಿಯುವುದು. ಮಳೆಯ ನೀರು ಹನಿಹನಿಯಾಗಿ ಒಳಗಿಳಿದು ಚೌಕಗಳ ನಡುವಣ ಸೀಳುಗಳಲ್ಲಿ ಹರಡುವುದು. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬಿ ತೊಗಲನ್ನು ಮರದಿಂದ ಬಿಡಿಸುವುದು. ಮರವು ಕೊಳೆಯುವುದು. ಮೇಲೆ ಮಾತ್ರ ಬಣ್ಣವು ಹೊಳೆಯುತ್ತಲೇ ಇರುವುದು.

ಪರೀಕ್ಷೆಯ ಕ್ರಮವನ್ನು ನಮಗೆ ತೋರಿಸಿದವರು ಪಕ್ಕದ ದೋಣಿಯಲ್ಲಿ ಕೆಲಸ ಮಾಡುತ್ತಿದ್ದ, ಎಪ್ಪತ್ತು ದಾಟಿದ ದೋಣಿಗಾರರೊಬ್ಬರು. ಮೊದಲು ಬರಿಗಾಲಿನಲ್ಲಿ ಹಿಮ್ಮಡಿಯೂರಿ ನಡೆದು ಹಾಸು ಎಲ್ಲಿ ತಗ್ಗುವುದೆಂದು ನೋಡಬೇಕು. ಬಳಿಕ ಸಣ್ಣ ಸುತ್ತಿಗೆಯ ಹಿಡಿಯಿಂದ ಗೇಣಿಗೊಂದು ಕಡೆ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಕಡೆ ಟಣ್ ಎಂಬ ಚುರುಕಾದ ಸದ್ದು. ಕೊಳೆತ ಕಡೆ ಮಂದವಾದ ದಬ್ ಎಂಬ ಸದ್ದು. ಹುಡುಗನು ಹೀಗೆ ತಟ್ಟಿ, ಕೂವೆಕಂಬದ ಮುಂದೆ ಒಂದು ತಟ್ಟೆಯಗಲದ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, “ಇಷ್ಟೇ ಮಾವ, ಹೆಚ್ಚೇನಿಲ್ಲ” ಎಂದನು.

ನಮ್ಮ ಮನೆಯಾಕೆ ಸುತ್ತಿಗೆಯನ್ನು ಕೇಳಿ ತೆಗೆದುಕೊಂಡಳು. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಬಿರುಕನ್ನು ಹಿಡಿಯುವ, ಹಲಸಿನಹಣ್ಣನ್ನು ತಟ್ಟಿ ಒಳಗಣ ಪಕ್ವವನ್ನು ಹೇಳುವ ಕಿವಿ ಆಕೆಯದು. ಅರ್ಧ ಗಂಟೆಯಲ್ಲಿ ಹುಡುಗನ ಗೆರೆ ನಾಲ್ಕು ಪಾಲು ಹಿಗ್ಗಿತು. ಎಡಗಡೆಯ ಕಟಾಂಜನದ ಕಂಬದ ಬುಡದಲ್ಲಿ ಬೇರೊಂದು ವೃತ್ತವೂ ಮೂಡಿತು. ಮಗು ಕೈಯೂರಿ ನಿಲ್ಲುವುದು ಆ ಕಂಬದ ಬಳಿಯೇ. ಹುಡುಗನ ಮುಖ ಬಾಡಿತು. “ಅತ್ತೆ, ಅದು ಬೋಲ್ಟು ಸಡಿಲವಾಗಿರುವ ಸದ್ದಿರಬೇಕು” ಎಂದನು. ಮುದುಕರು ಏನೂ ಹೇಳದೆ ಕೋಣೆಯೊಳಕ್ಕೆ ಇಳಿದು ಕೆಳಗಿನಿಂದ ಒಂದು ಸಣ್ಣ ತೂತು ಕೊರೆದರು. ಗಟ್ಟಿಮರದ ಹೊಟ್ಟು ಬಿಳುಪಾಗಿ ಒಣಗಿರುವುದಂತೆ. ಬಂದದ್ದು ನೆನೆದ ಕಾಫಿಗಸಿಯಂತಹ ಕಪ್ಪು ಮುದ್ದೆ.

ತೂತುಗಳನ್ನು ಕೊರೆದು ರಾಳ ಹುಯ್ದುಬಿಟ್ಟರೆ ಸಾಲದೆ, ಎಂಬುದು ಹುಡುಗನ ಮುಂದಿನ ಪ್ರಶ್ನೆ. ಹಾಗೆ ಮಾಡುವವರೂ ಉಂಟು. ಆದರೆ ನೆನೆದ ಮರವು ರಾಳವನ್ನು ಹೀರದು. ಕೊಳೆತದ್ದು ಹಾಗೆಯೇ ಒಳಗುಳಿದು ಮೇಲೆ ಮುಚ್ಚಳ ಬಿದ್ದಂತಾಗುವುದು. ನಮ್ಮ ಅಭಿಪ್ರಾಯವನ್ನು ಕೇಳಿದಾಗ ನಾವು ಮುದುಕರ ಪಕ್ಷವನ್ನೇ ಹಿಡಿದೆವು. ಅದರ ಫಲವಾಗಿ ಮೂರು ವಾರ ಮುಸುಕು ಕಟ್ಟಿಕೊಂಡು, ಮೈತುಂಬ ಗಾಜಿನ ನಾರಿನ ತುರಿಕೆಯನ್ನು ಅನುಭವಿಸಬೇಕಾದದ್ದು ಬೇರೆ ಮಾತು.

ಗರಗಸದ ಆಳವನ್ನು ಮೇಲಣ ತೊಗಲಿಗಷ್ಟೇ ಸರಿಯಾಗಿ ಕಟ್ಟಿ, ಕೆಟ್ಟ ಜಾಗದ ಸುತ್ತ ಕೊಯ್ದು, ಆ ತೊಗಲನ್ನು ಹಲಸಿನ ಸಿಪ್ಪೆಯಂತೆ ಎಬ್ಬಿಸಿದೆವು. ಕೆಳಗಣ ತೊಗಲನ್ನು ಕೊಯ್ಯಕೂಡದು. ದೋಣಿಯ ಆಕಾರವನ್ನು ಹಿಡಿದಿರುವುದು ಅದೇ. ಕೊಳೆತದ್ದನ್ನು ಕೆರೆದು ಚೆನ್ನಾಗಿ ಒಣಗಿಸಿದ ಮೇಲೆ ಹೊಸ ಬಾಲ್ಸಾವನ್ನು ಗಟ್ಟಿ ಮಾಡಿದ ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಹಳೆಯ ತೊಗಲನ್ನು ಮತ್ತೆ ಹೊದಿಸಿ, ಮರಳುಚೀಲಗಳನ್ನು ಹೇರಿದೆವು. ಕೊಯ್ದ ಅಂಚುಗಳನ್ನು, ತೊಗಲಿನ ದಪ್ಪದ ಹನ್ನೆರಡರಷ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ನಾರಿನ ಬಟ್ಟೆಯಿಂದ ಬೆಸೆದದ್ದಾಯಿತು. ಈ ದಿನಗಳಲ್ಲಿ ನಮ್ಮ ಬೇಸರವನ್ನು ಕಳೆದದ್ದು ಹಿನ್ನೀರಿನ ಕಂಬದ ಮೇಲೆ ಗೂಡು ಕಟ್ಟುತ್ತಿದ್ದ ಮೀನುಗಿಡುಗಗಳ ಜೋಡಿ. ಅವೂ ಕಡ್ಡಿ ತಂದು ತಂದು ಹಳೆಯದನ್ನೇ ದುರಸ್ತಿ ಮಾಡುತ್ತಿದ್ದುವು.

ಕೊನೆಯ ಕೆಲಸವು ಬೋಲ್ಟುಗಳದು. ಪ್ರತಿಯೊಂದು ತೂತನ್ನೂ ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿಯಿಂದ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆಯಬೇಕು. ಆಗ ಮೆತ್ತು ಎಂದಾದರೂ ಬಿರಿದರೂ ನೀರು ಅಂಟಿನ ಗೋಡೆಯನ್ನು ಮುಟ್ಟುವುದೇ ಹೊರತು ಮರವನ್ನು ಮುಟ್ಟದು. ಕಟ್ಟಿದವರು ಇದನ್ನು ಅಂದೇ ಮಾಡಿದ್ದರೆ ನಮಗೆ ಈ ತುರಿಕೆ ಇರುತ್ತಿರಲಿಲ್ಲ.

ಮೇ ತಿಂಗಳ ಕಡೆಯ ಭಾನುವಾರ ಹುಡುಗನ ಹೆಂಡತಿಯು ಏಣಿ ಹತ್ತಿ ಬಂದಳು. ಚಪ್ಪಲಿಯನ್ನು ಕಳಚಿಟ್ಟು, ಹಿಮ್ಮಡಿಯೂರಿ ಹಾಸಿನ ಸುತ್ತ ನಡೆದಳು. ಎಡಗಡೆಯ ಕಂಬವನ್ನು ಎರಡು ಕೈಗಳಿಂದ ಹಿಡಿದು ಜಗ್ಗಿದಳು, ಮತ್ತೊಮ್ಮೆ ಜಗ್ಗಿದಳು. ನಾವು ಯಾರೂ ಮಾತಾಡಲಿಲ್ಲ. ಆಮೇಲೆ ಅವಳು ಗಂಡನ ಕಡೆಗೆ ತಿರುಗಿ, ಮಗುವಿನ ಅಳತೆಗೆ ತೇಲುವ ಅಂಗಿ ಯಾವ ಅಂಗಡಿಯಲ್ಲಿ ಸಿಕ್ಕುವುದೆಂದು ಕೇಳಿದಳು.