ಡಿಬಿಎ ಅಂದರೆ ಬಿಡಿಎ ಅಲ್ಲ

ನಾನು ಡಿಬಿಎ ಆಗಿ ಕೆಲಸಕ್ಕೆ ಸೇರಿದ ವರ್ಷ ನಮ್ಮ ಸೋದರಮಾವ, ಹುಡುಗನಿಗೆ ಬೆಂಗಳೂರಿನಲ್ಲಿ ಸೈಟು ಹಂಚುವ ಬಿಡಿಎಯಲ್ಲಿ ಕೆಲಸವಾಗಿದೆ ಎಂದು ಊರಿಡೀ ಸುದ್ದಿ ಹಬ್ಬಿಸಿಬಿಟ್ಟರು. ಮುಂದಿನ ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಿದ್ದವನ ಪಕ್ಕಕ್ಕೇ ಬಂದು, “ಒಂದು ತರ್ಟಿ ಫಾರ್ಟಿ ಸೈಟು ಆಗೋ ಹಾಗೆ ನೋಡಪ್ಪಾ, ಕಾರ್ನರ್ ಆದ್ರೆ ಒಳ್ಳೇದು” ಎಂದವರು ಮೂವರು. ಅಕ್ಷರ ಹಿಂದುಮುಂದಾಗಿದೆ, ನಾನು ನೋಡಿಕೊಳ್ಳುವುದು ಡೇಟಾಬೇಸು ಎಂದೆ. ಹಾಗಂದರೇನು ಎಂದರು. ಕಂಪನಿಯ ಲೆಕ್ಕಪತ್ರವೆಲ್ಲ ಕಂಪ್ಯೂಟರಿನಲ್ಲಿ ಇರುತ್ತಲ್ಲ, ಆ ಜಾಗ ಕಾಯುವವನು ಎಂದೆ. “ಓ, ವಾಚ್‌ಮನ್ನು” ಎಂದು ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಇಪ್ಪತ್ತು ವರ್ಷವಾದ ಮೇಲೆ ನೋಡಿದರೆ ಅವರ ಮಾತಿನಲ್ಲಿ ಹೆಚ್ಚೇನೂ ತಪ್ಪು ಕಾಣುತ್ತಿಲ್ಲ. ವಾಚ್‌ಮನ್ನನಿಗೆ ಪಾಳಿ ಮುಗಿಯುತ್ತದೆ ಎಂಬುದೊಂದೇ ವ್ಯತ್ಯಾಸ.

ರಾತ್ರಿ ಎರಡೂವರೆಗೆ ಫೋನು ಬಡಿದುಕೊಂಡರೆ ನನ್ನ ಹೆಂಡತಿ ಕಣ್ಣು ಬಿಡದೆಯೇ, “ಆರ್ಕೈವ್ ತುಂಬಿರಬೇಕು ಕಣ್ರೀ” ಎಂದು ಮಗ್ಗುಲು ಬದಲಿಸುತ್ತಾಳೆ. ಬಹುಮಟ್ಟಿಗೆ ಅದೇ ಆಗಿರುತ್ತದೆ. ಒರಾಕಲ್ ಡೇಟಾಬೇಸು ತನ್ನಲ್ಲಾಗುವ ಬದಲಾವಣೆಗಳನ್ನು ಲಾಗಿನಲ್ಲಿ ಬರೆದಿಡುತ್ತದೆ. ತುಂಬಿದ ಲಾಗಿನ ನಕಲು ಆರ್ಕೈವ್ ಡಿಸ್ಕಿಗೆ ಹೋಗಬೇಕು. ಅಲ್ಲಿ ಜಾಗ ಮುಗಿಯಿತೋ, ಬರೆದಿಡಲಾಗದ್ದನ್ನು ಮಾಡುವುದೇ ಇಲ್ಲ ಎಂದು ಹಟ ಹಿಡಿದು ಕೂರುತ್ತದೆ. ಓಆರ್‌ಎ-00257 ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ಬ್ಯಾಕಪ್ ಆಗಿರುವ ಹಳೆಯ ಲಾಗುಗಳನ್ನು ತೆಗೆದರೆ ಐದು ನಿಮಿಷದ ಕೆಲಸ. ನಿದ್ದೆಗಣ್ಣಿನಲ್ಲಿ ಬ್ಯಾಕಪ್ ಆಗದ ಲಾಗನ್ನು ಅಳಿಸಿದರೆ ಮಾತ್ರ ಸರಪಳಿಯ ಒಂದು ಕೊಂಡಿಯೇ ಹೋದಂತೆ. ಹಾಗಾಗಿ ಮುಖ ತೊಳೆಯದೆ ನಾನು ಕೀಬೋರ್ಡ್ ಮುಟ್ಟುವುದಿಲ್ಲ.

ಇಷ್ಟು ಮಡಿ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಗ್ರಾಹಕರ ವಿಳಾಸ ತಿದ್ದಬೇಕಿತ್ತು. ಅಪ್‌ಡೇಟ್ ಬರೆದೆ, ಕೆಳಗೆ ಯಾವ ಗ್ರಾಹಕರದ್ದು ಎಂದು ಹೇಳುವ ವೇರ್ ಸಾಲನ್ನೂ ಬರೆದೆ. ಮೌಸಿನಲ್ಲಿ ಎಳೆದು ಆಯ್ದುಕೊಳ್ಳುವಾಗ ಆ ಕೊನೆಯ ಸಾಲು ಬಿಟ್ಟುಹೋಯಿತು. ಟೂಲಿನಲ್ಲಿ, ಬದಲಾವಣೆಯನ್ನು ಕೇಳದೆಯೇ ಕಾಯಂ ಮಾಡಿಬಿಡುವ ಆಟೋಕಮಿಟ್ ಬೇರೆ ಆನ್ ಆಗಿತ್ತು. ಒಂದೇ ಏಟಿಗೆ ಹದಿನೆಂಟು ಸಾವಿರ ಗ್ರಾಹಕರು ಗಂಟುಮೂಟೆ ಕಟ್ಟಿಕೊಂಡು ರಾಜಾಜಿನಗರದ ಒಂದೇ ಮನೆಗೆ ವಾಸಕ್ಕೆ ಬಂದರು. ಆಗ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು ಈ ಕಸುಬಿನವರಿಗಷ್ಟೇ ಗೊತ್ತು. ಬಸ್ಸು ಹೊರಟಮೇಲೆ ಮಗು ಕೆಳಗೇ ಉಳಿದಿದೆ ಎಂದು ಗೊತ್ತಾದ ಹಾಗೆ.

ಬದಲಾದ ಸಾಲಿನ ಹಳೆಯ ರೂಪವನ್ನು ಒರಾಕಲ್ ‘ಅನ್‌ಡೂ’ ಎಂಬ ಜಾಗದಲ್ಲಿ ಸ್ವಲ್ಪ ಹೊತ್ತು ಉಳಿಸಿಕೊಂಡಿರುತ್ತದೆ. ಎಷ್ಟು ಹೊತ್ತು? ಯಾರೂ ಬದಲಿಸಿರದಿದ್ದರೆ 900 ಸೆಕೆಂಡು ಎಂದು ಬರೆದಿರುತ್ತದೆ, ಅಂದರೆ ಕಾಲು ಗಂಟೆ. ಅದೂ ಜಾಗ ಇದ್ದರೆ. ಅಷ್ಟರೊಳಗೆ, ಹತ್ತು ನಿಮಿಷದ ಹಿಂದೆ ಈ ಟೇಬಲ್ ಹೇಗಿತ್ತು ಹೇಳು ಎಂದು ಕೇಳಿದರೆ ಹೇಳುತ್ತದೆ. ತಡವಾದರೆ ಓಆರ್‌ಎ-01555, ನೀನು ಕೇಳಿದ ಚಿತ್ರ ತೀರಾ ಹಳೆಯದು ಎಂಬ ಉತ್ತರ. ಪಕ್ಕದ ಸೀಟಿನ ಹಿರಿಯರೊಬ್ಬರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಬಂದು, “ಮೊದಲು ಉಸಿರು ಬಿಡಯ್ಯಾ” ಎಂದು ಆ ಪ್ರಶ್ನೆ ಕೇಳುವುದನ್ನು ಕಲಿಸಿದರು. ಹನ್ನೊಂದನೇ ನಿಮಿಷಕ್ಕೆ ಎಲ್ಲರೂ ಅವರವರ ಮನೆ ಸೇರಿದರು. ರಾಜಾಜಿನಗರದ ಆ ಯಜಮಾನರಿಗೆ ಇವತ್ತಿಗೂ ಈ ಸಂಗತಿ ಗೊತ್ತಿಲ್ಲ.

ಡೇಟಾ ಇಡುವುದು ದೊಡ್ಡ ಕೆಲಸವಲ್ಲ, ಡಿಸ್ಕು ಇಟ್ಟುಕೊಳ್ಳುತ್ತದೆ. ವಾಪಸು ತೆಗೆಯುವುದೇ ನಮ್ಮ ಕಸುಬು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು, ರಾತ್ರಿ ದಣಿದ ಹೊತ್ತಿನಲ್ಲಿ, ಬದಲಿ ಸರ್ವರ್ ಎಂದುಕೊಂಡು ಅಸಲಿಯದನ್ನೇ ಅಳಿಸಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಕಾಪಾಡಲೆಂದು ಐದು ಬಗೆಯ ವ್ಯವಸ್ಥೆಗಳಿದ್ದವು, ಒಂದೂ ನೆಟ್ಟಗಿರಲಿಲ್ಲ. ಬ್ಯಾಕಪ್ ಆಗುತ್ತಿಲ್ಲ ಎಂದು ಎಚ್ಚರಿಸುವ ಇಮೇಲುಗಳೂ ಯಾರನ್ನೂ ತಲುಪಿರಲಿಲ್ಲ. ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಸಿಕ್ಕಿ ಮಾನ ಉಳಿಯಿತು. ಅವರು ಅದನ್ನು ಮುಚ್ಚಿಡದೆ ಲೋಕಕ್ಕೆಲ್ಲ ಹೇಳಿಕೊಂಡರು. ಆ ಧೈರ್ಯ ನನಗಿಲ್ಲ, ನೋಡಿ, ಇಷ್ಟು ವರ್ಷದ ಮೇಲೆ ಹೇಳುತ್ತಿದ್ದೇನೆ.

ನಮ್ಮ ತಾತ ಶಾನುಭೋಗರು. 1963ರಲ್ಲಿ ಆ ಹುದ್ದೆಯೇ ರದ್ದಾಗಿ ಸರ್ಕಾರಿ ಲೆಕ್ಕವೆಲ್ಲ ಕೈಬದಲಾದರೂ ಮನೆಯ ಕಾಗದಪತ್ರ, ಜತೆಗೆ ಒಂದು ಹಳೇ ಕಡತ ಮರದ ಪೆಟ್ಟಿಗೆಯಲ್ಲಿ ಉಳಿದವು. ಕಡತವೆಂದರೆ ಈಗಿನ ಫೈಲಲ್ಲ. ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆ, ಬಳಪದಲ್ಲಿ ಬರೆದು ಮಡಿಚಿಡುವಂಥದ್ದು. ಪ್ರತಿ ಬೇಸಿಗೆ ಆ ಪೆಟ್ಟಿಗೆ ಅಂಗಳಕ್ಕೆ ಬರುತ್ತಿತ್ತು. ಬಿಸಿಲಿಗೆ ಹರಡಿದರೆ ಸಾಲದು, ತಾತ ಒಂದೊಂದನ್ನೂ ಬಿಚ್ಚಿ ಎರಡೆರಡು ಸಾಲು ಗಟ್ಟಿಯಾಗಿ ಓದುತ್ತಿದ್ದರು. ಯಾಕೆ ಎಂದರೆ, “ಓದಕ್ಕೆ ಬರದ ಪತ್ರ ಒಲೆಗೆ ಪುಳ್ಳೆ ಕಣೋ” ಎನ್ನುತ್ತಿದ್ದರು.

ತಿಂಗಳಿಗೊಂದು ಶನಿವಾರ ನಾನು ಬ್ಯಾಕಪ್ಪನ್ನು ಬೇರೆ ಸರ್ವರಿಗೆ ಇಳಿಸಿ, ತೆರೆದು, ನಾಲ್ಕು ಟೇಬಲ್ ಓದಿ ನೋಡುತ್ತೇನೆ. ಬ್ಯಾಕಪ್ ಸರಿಯಾಗಿದೆ ಎಂದು ರಿಪೋರ್ಟೇ ಹೇಳುತ್ತಲ್ಲ, ಇದಕ್ಕೆ ಖರ್ಚೇಕೆ ಎಂದು ಮ್ಯಾನೇಜರು ಪ್ರತಿ ವರ್ಷ ಕೇಳುತ್ತಾರೆ. ಅವರಿಗೆ ಪೆಟ್ಟಿಗೆಯ ಕಥೆ ಹೇಳಿಲ್ಲ.

ತಾತ ಹೋದಮೇಲೆ ಆ ಪೆಟ್ಟಿಗೆಯನ್ನು ಭದ್ರವಾಗಿರಲೆಂದು ಬೀಗ ಜಡಿದು ಅಟ್ಟಕ್ಕೆ ಸೇರಿಸಿದ್ದೆವು. ಆರು ವರ್ಷದ ನಂತರ ಪಾಲುಪತ್ರ ಬೇಕಾಗಿ ಇಳಿಸಿದೆವು. ಬೀಗ ಸರಿಯಾಗಿತ್ತು, ಕೀಲೂ ಸರಿಯಾಗಿತ್ತು. ಒಳಗಿದ್ದದ್ದು ಗೆದ್ದಲು ಮಣ್ಣು.